ಅರ ಹಾಕಿದ ತೋಟಾ

ಇದನ್ನು ಬರೆಯಲು ಹಾಳೆ ತೆಗೆದು ಮತ್ತೆ ಮಡಚಿಟ್ಟದ್ದು ಎಷ್ಟು ಸಲವೋ. ಮೊಣಕಾಲು ನೋವು, ಕಣ್ಣಿನ ಪೊರೆ, ಮಗಳ ಮದುವೆ, ನೆಪಗಳಿಗೇನೂ ಕೊರತೆ ಇರಲಿಲ್ಲ. ನಿಜವಾದ ಕಾರಣ ಹೇಡಿತನ.

ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯಲ್ಲಿ ರೈಫಲ್ ಇದ್ದ ನಾಲ್ವರ ಗುಂಪೊಂದಿತ್ತು. ನಮ್ಮ ಲೈಸೆನ್ಸಿನಲ್ಲಿ ಬೆಳೆ ರಕ್ಷಣೆಗೆ ಎಂದು ಬರೆದಿತ್ತು. ನನ್ನ ಹೊಲದಲ್ಲಿ ರಕ್ಷಿಸುವಂಥ ಬೆಳೆ ಬಂದ ವರ್ಷಗಳೇ ಕಡಿಮೆ. ಚಿಗರಿ, ಅಂದರೆ ಕೃಷ್ಣಮೃಗ, ಹೊಡೆಯುವುದು ಆಗಲೇ ಅಪರಾಧ, ಗೊತ್ತಿದ್ದೇ ಹೊಡೆಯುತ್ತಿದ್ದೆವು. ಹೋಟೆಲಿನ ಮೂಲೆ ಮೇಜಿನಲ್ಲಿ ಕೂತು ರೈಫಲ್ಲಿಗೆ ತುಂಬುವ ತೋಟಾಗಳ ಬಗ್ಗೆ ನಾವು ಕೊಚ್ಚಿಕೊಳ್ಳುತ್ತಿದ್ದುದನ್ನು ಕೇಳಿದವರು ನಮ್ಮನ್ನು ಸೇನಾಪತಿಗಳೆಂದುಕೊಳ್ಳಬೇಕು. ನಾಲ್ವರಲ್ಲಿ ಇಬ್ಬರಿಗೆ ನಿಂತ ಎಮ್ಮೆಗೂ ಗುರಿ ಇಡಲು ಬರುತ್ತಿರಲಿಲ್ಲ. ಮೂರನೆಯವನು ನಾನು.

ಚರ್ಚೆ ಯಾವಾಗಲೂ ಒಂದೇ. ಚಿಗರಿಗೂ ಆಗಬೇಕು, ಶೇಂಗಾ ಕೆದರುವ ನರಿಗೂ ಮೊಲಕ್ಕೂ ಆಗಬೇಕು, ಅಂಥ ತೋಟಾ ಯಾವುದು? ಲೈಸೆನ್ಸಿನ ಮೇಲೆ ವರ್ಷಕ್ಕೆ ಸಿಗುತ್ತಿದ್ದುದೇ ಕೆಲವು; ಎರಡು ಬಗೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ಮೂತಿಯಲ್ಲಿ ಸೀಸ ಕಾಣುವ ಮೆತ್ತನೆಯ ಗುಂಡು ಚಿಗರಿಯನ್ನು ನಿಂತಲ್ಲೇ ಕೆಡವುತ್ತಿತ್ತು, ಮೊಲಕ್ಕೆ ತಗುಲಿದರೆ ಸಾರಿಗೆ ಕಿವಿ ಮಾತ್ರ ಉಳಿಯುತ್ತಿತ್ತು. ಪೂರ್ತಿ ತಾಮ್ರ ಹೊದಿಸಿದ ಗಟ್ಟಿ ಗುಂಡು ಸಣ್ಣ ತೂತು ಮಾಡಿ ಆಚೆ ಹೋಗುತ್ತಿತ್ತು. ಚಿಗರಿ ಗಾಯ ಹೊತ್ತು ಓಡಿ ಎಲ್ಲೋ ಸಾಯುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು: ಗಟ್ಟಿ ಗುಂಡಿನ ಮೂತಿಗೆ ಅರ ಹಾಕಿ, ತಾಮ್ರ ಸವೆಸಿ, ಸ್ವಲ್ಪವೇ ಸೀಸ ಕಾಣಿಸುವುದು. ಎಲ್ಲಕ್ಕೂ ಒಂದೇ ತೋಟಾ.

ಹೊನ್ನಾಳಿಯಲ್ಲಿ ಕೋವಿ ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಸರ್ಕಾರದ ಪರವಾನಗಿ ಪಡೆದ ಪುಟ್ಟ ಅಂಗಡಿ; ಅವರ ಮನೆ ನಡೆಯುತ್ತಿದ್ದುದು ಅದೊಂದರಿಂದಲೇ. ನನ್ನ ರೈಫಲ್ಲಿನ ಟ್ರಿಗರ್ ಸರಿಮಾಡಿಸಲು ಗೆಳೆಯರೊಂದಿಗೆ ಹೋದಾಗ ನನ್ನ ಉಪಾಯವನ್ನು ಜಂಬದಿಂದ ತೋರಿಸಿದೆ. ಅವರು ತೋಟಾವನ್ನು ಬೆಳಕಿಗೆ ಹಿಡಿದು ನೋಡಿದರು.

“ಅರ ಹಾಕಬ್ಯಾಡ್ರಿ ಗೌಡ್ರೆ. ಒಳಗಿನ ಸೀಸ ಹಾರಿಹೋಗಿ ಮ್ಯಾಲಿನ ತಾಮ್ರದ ಚಿಪ್ಪು ನಳಿಗ್ಯಾಗೇ ಕುಂತ್ಕಂತೈತೆ. ಎರಡನೇ ಗುಂಡು ಹೋಗಾಕೆ ದಾರಿ ಎಲ್ಲೈತೆ?”

“ನೀನು ಯಾವತ್ತಾರ ಒಂದು ಚಿಗರಿ ಹೊಡ್ದೀಯೇನೋ ಸಾಬಾ?” ಎಂದೆ. ನನಗಿಂತ ಹತ್ತು ವರ್ಷ ಹಿರಿಯರು ಅವರು. ಗೆಳೆಯರು ನಕ್ಕರು.

“ಇಲ್ರಿ. ಹೊಡೆಯಾಕೆ ಹೋದೋರ ಕೈ ನೋಡೀನಿ.”

ಮುಂದಿನ ತಿಂಗಳೇ ಜಗಳೂರಿನ ಕಡೆ ಹೋದೆವು. ಮಧ್ಯಾಹ್ನ ಶೇಂಗಾ ಹೊಲದ ಬದುವಿನಲ್ಲಿ ನರಿ ಕಂಡಿತು, ಅರ ಹಾಕಿದ ತೋಟಾ ತುಂಬಿ ಹೊಡೆದೆ. ಸದ್ದು ಮೊದ್ದಾಗಿತ್ತು. ನರಿ ನನ್ನತ್ತ ಒಮ್ಮೆ ನೋಡಿ ಅವಸರವಿಲ್ಲದೆ ಹೊರಟುಹೋಯಿತು. ಅಷ್ಟರಲ್ಲಿ ಹಿಂದಿನ ದಿಬ್ಬದ ಮೇಲೆ ಚಿಗರಿಯೊಂದು ತಲೆ ಎತ್ತಿತು. ನಳಿಗೆಯನ್ನು ಒಮ್ಮೆ ನೋಡುವಷ್ಟು ವ್ಯವಧಾನ ಎಲ್ಲಿತ್ತು? ಮತ್ತೆ ಹೊಡೆದೆ. ನಳಿಗೆ ಸೀಳಿಹೋಯಿತು, ಎಡ ಅಂಗೈ ಹರಿಯಿತು.

ಸಿಡಿದ ರೈಫಲ್ಲಿಗೆ ಪೊಲೀಸರಿಗೆ ಕಾರಣ ಕೊಡಬೇಕಾಯಿತು. ಅರದ ಸಂಗತಿ ಹೇಳಿದರೆ ಲೈಸೆನ್ಸ್ ಹೋಗುತ್ತದೆ, ಚಿಗರಿಯ ಸಂಗತಿ ಹೇಳಿದರೆ ಜೈಲು. ಹೊನ್ನಾಳಿಯವನು ರಿಪೇರಿ ಮಾಡುವಾಗ ನಳಿಗೆ ಕೆಡಿಸಿದ ಎಂದು ಬರೆದು ಬಲಗೈಯಿಂದ ಸಹಿ ಹಾಕಿದೆ. ಗೆಳೆಯರು ಮೂವರೂ ಸಾಕ್ಷಿ ನುಡಿದರು. ಅವರಲ್ಲೊಬ್ಬ ನಾನು ಅರ ಹಾಕುವಾಗ ತೋಟಾ ಹಿಡಿದುಕೊಂಡು ಕೂತಿದ್ದವನು. ಸಾಬರ ಪರವಾನಗಿ ರದ್ದಾಯಿತು, ಅಂಗಡಿಗೆ ಬೀಗ ಬಿತ್ತು. ನಾವು ಅದೇ ಹೋಟೆಲಿನಲ್ಲಿ ಬೋಂಡಾ ತಿಂದೆವು.

ಎಂಬತ್ತರ ದಶಕದ ನಡುವಿನಲ್ಲಿ ಒಮ್ಮೆ ನ್ಯಾಮತಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿಕೊಂಡು ಛತ್ರಿ ರಿಪೇರಿ ಮಾಡುತ್ತಿದ್ದವರು ತಲೆ ಎತ್ತಿದರು. ಅದೇ ಸಾಬರು, ಗಡ್ಡ ಬೆಳ್ಳಗಾಗಿತ್ತು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ, ನಾನು ಅಂಥವನೇ.

“ಬಂದೀರಾ ಗೌಡ್ರೆ? ಆ ಕೈ ಮಡಚಾಕೆ ಬರ್ತೈತೇನ್ರಿ?”

“ಬರ್ತೈತೆ” ಎಂದೆ. ಅವರು ನನ್ನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ದಿನಾ ಬಿಸಿನೀರಿನಲ್ಲಿ ಅದ್ದಿ ಅಂದರು. ಸವಳಂಗದ ಬಸ್ಸು ಬಂತು. ನಾನು ಕೈ ಬಿಡಿಸಿಕೊಂಡು ಹತ್ತಿದೆ.

ತಪ್ಪಾಯಿತು ಎಂದು ಕಂಡ ಕಂಡ ದೇವರಿಗೆಲ್ಲ ಹೇಳಿದ್ದೇನೆ. ಹೇಳದೇ ಉಳಿದದ್ದು ಒಬ್ಬರಿಗೆ, ಹೊನ್ನಾಳಿಯ ಆ ಸಾಬರಿಗೆ.