ಕವಾತು ಮಾಡಿದ ಅಜೇಲಿಯಾ

ಚಿಗುರಿತು! ನನ್ನ ಮಗಳು ನೆಟ್ಟ ಅಜೇಲಿಯಾ ಚಿಗುರಿಬಿಟ್ಟಿತು! ಆ ದಿನ ಮೊಮ್ಮಗಳು ಅಂಗಳದಿಂದ ಕೂಗಿದ ಕೂಗಿಗೆ ಒಲೆಯ ಮೇಲಿನ ಹಾಲನ್ನೂ ಮರೆತು ಬರಿಗಾಲಲ್ಲಿ ಓಡಿದೆ. ಕುಂಡದಲ್ಲಿದ್ದ ಮೋಟಿನ ತೊಗಟೆ ಒಡೆದು ಅಕ್ಕಿಕಾಳಿನಷ್ಟು ಹಸಿರು ಇಣುಕಿತ್ತು. ನಗು ಬಂತು, ಅದರ ಹಿಂದೆಯೇ ಅಳು. ಯಾವುದನ್ನು ತಡೆಯಲಿ?

ನಮ್ಮದು ನೀಲಗಿರಿಯ ಮಂಜೂರಿನ ಹತ್ತಿರದ ಬಡಗರ ಹಟ್ಟಿ. ಇರುವುದು ಚೂರು ಟೀ ತೋಟ. ಮದುವೆಗೆ ಮೊದಲು ಮಗಳು ಅಂಗಳದಲ್ಲಿ ಆ ಹೂಗಿಡ ನೆಟ್ಟಿದ್ದಳು. ಹೆರಿಗೆಗೆ ಬಂದಾಗ ಅದರ ತಗ್ಗಿನ ಕೊಂಬೆಯ ಮೇಲೆ ಮಗುವಿನ ಬಟ್ಟೆ ಒಣಗಿಸುತ್ತಿದ್ದಳು. ಮಗು ಹೆಜ್ಜೆ ಇಡುವ ಮೊದಲೇ ಮಗಳು ಜ್ವರದಲ್ಲಿ ಹೋಗಿಬಿಟ್ಟಳು. ಮಗು ನಮ್ಮಲ್ಲೇ ಬೆಳೆಯಿತು. ಅದಕ್ಕೆ ತಾಯಿಯ ಮುಖ ನೆನಪಿಲ್ಲ. ಕೇಳಿದಾಗಲೆಲ್ಲ ನಾನು ಆ ಕೊಂಬೆಯನ್ನೇ ತೋರಿಸುತ್ತಿದ್ದೆ. ಬೇರೆ ಏನಿತ್ತು ತೋರಿಸಲು?

ಆ ಹುಡುಗಿ ದೊಡ್ಡವಳಾಗಿ ಊಟಿಯ ಒಂದು ನರ್ಸರಿಗೆ ಕೆಲಸಕ್ಕೆ ಸೇರಿದಳು. ದೊಡ್ಡ ಗಿಡವನ್ನು ಕುಂಡದಲ್ಲಿ ಕುಳ್ಳಾಗಿಸಿ ಬೆಳೆಸುವ ಬೋನ್ಸಾಯ್ ಅಲ್ಲಿ ಕಲಿತಳು. ಅದೇ ಹೊತ್ತಿಗೆ ನನ್ನ ಮಗ ಅಂಗಳದಲ್ಲಿ ಬಚ್ಚಲುಮನೆ ಕಟ್ಟಿಸಲು ಹೊರಟ. ಗಿಡವನ್ನು ಅಲ್ಲಿಂದ ಎಬ್ಬಿಸಲೇಬೇಕಾಯಿತು. ಆ ತಗ್ಗಿನ ಕೊಂಬೆ ಉಳಿಸಿಕೊಂಡು ಕುಂಡದಲ್ಲಿ ಬೆಳೆಸುತ್ತೇನೆ ಎಂದಳು ಮೊಮ್ಮಗಳು.

"ಹೆತ್ತಪ್ಪಾ, ನೀ ಬೇರಿನ ಸುತ್ತ ಅಗೆದಿಡು, ಸಾಕು. ಕೊಂಬೆ ನಾ ಬಂದು ಕತ್ತರಿಸ್ತೀನಿ," ಎಂದು ಅಜ್ಜನಿಗೆ ಹೇಳಿ ಬಸ್ಸಿಗೆ ಓಡಿದಳು.

ನಮ್ಮ ಯಜಮಾನರು ನಿಧಾನವಾಗಿ ಅಗೆದರು, ಬೇರಿಗೆ ಒದ್ದೆ ಗೋಣಿ ಸುತ್ತಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಟೀ ತೋಟದಲ್ಲೇ ಸವೆದ ಕೈ ಅದು. ಮುದಿ ಟೀ ಗಿಡವನ್ನು ಒಂದೆಲೆಯೂ ಇಲ್ಲದಂತೆ ಮಟ್ಟಸವಾಗಿ ಕಡಿದರೆ ಮತ್ತೆ ಎಳೆಯದಾಗುತ್ತದೆ. ಅದನ್ನೇ ನಾವು ಕವಾತು ಎನ್ನುವುದು. ಕವಾತು ಕತ್ತಿ ತಂದು ಬೀಸಿಯೇಬಿಟ್ಟರು. ಸಂಜೆ ಅವಳು ಬಂದಾಗ ಮೋಟು ನಿಂತಿತ್ತು, ಕೊಂಬೆಗಳೆಲ್ಲ ಸೌದೆಯಾಗಿದ್ದವು.

"ನಾ ಬರೋವರೆಗೂ ಕಾಯಬಾರ್ದಿತ್ತಾ?"

"ಬೇರು ಕಡಿದ ಗಿಡಕ್ಕೆ ಎಲೆ ಭಾರ ಕಣವ್ವಾ. ಟೀ ಗಿಡ ಹೆಂಗೆ ಚಿಗುರುತ್ತೆ, ನೋಡಿಲ್ವಾ?"

"ಇದು ಟೀ ಅಲ್ಲ, ನಮ್ಮ ಅವ್ವೆದು."

ಅಂದಿನಿಂದ ಅವಳು ಅಜ್ಜನೊಡನೆ ಮಾತು ಬಿಟ್ಟಳು. ಮೋಟನ್ನು ಕುಂಡಕ್ಕಿಟ್ಟು, ಹಿಮ ಬೀಳುವ ಕಾಲದಲ್ಲಿ ಗೋಣಿ ಹೊದಿಸಿದಳು. ಅಜ್ಜನ ಟೀಯನ್ನೂ ನನ್ನ ಕೈಗೆ ಕೊಟ್ಟು, "ಹೆತ್ತೆ, ಅವರಿಗೆ ಕೊಡು," ಎನ್ನುತ್ತಿದ್ದಳು. ಅವರೋ, ಅವಳು ಬಸ್ಸಿಗೆ ಹೋದದ್ದೇ ತಡ, ಕುಂಡದ ಮುಂದೆ ಕುಕ್ಕರಿಸಿ ತೊಗಟೆಯನ್ನು ಉಗುರಿನಲ್ಲಿ ಕೆರೆದು, "ಹಸಿರಿದೆ, ಇನ್ನೂ ಹಸಿರಿದೆ," ಎಂದು ತಮಗೇ ಹೇಳಿಕೊಳ್ಳುತ್ತಿದ್ದರು.

"ಹಿಂಗೇ ಕೆರೀತಿರಿ, ಕುಂಡ ಒಂದೇ ಉಳಿಯುತ್ತೆ," ಎಂದು ನಾನು ಚುಚ್ಚಿದರೂ ಅವರಿಗೆ ನಗು ಬರಲಿಲ್ಲ.

ಕೊನೆಗೂ ಆ ದಿನ ಚಿಗುರಿತ್ತು. ಆದರೆ ತಗ್ಗಿನ ಕೊಂಬೆ ಇದ್ದ ಜಾಗದಲ್ಲಿ ಒಣಗಿದ ಗಾಯವಷ್ಟೇ. ಮೊಮ್ಮಗಳು ಅದರ ಮೇಲೆ ಹೆಬ್ಬೆರಳಿಟ್ಟು, "ಇಲ್ಲಿ ಬರಲ್ಲ, ಹೆತ್ತೆ," ಎಂದಳು. ನಾನು ಅವಳ ತಲೆ ಸವರಿದೆ.

ಸಂಜೆ ಎಲ್ಲರೂ ಒಲೆಯ ಸುತ್ತ ಕುಳಿತೆವು. ರಾಗಿಹಿಟ್ಟಿನ ಮುದ್ದೆ, ಅವರೆ-ಆಲೂಗಡ್ಡೆಯ ಸಾರು. ಬಡಿಸುತ್ತಾ ಬಂದ ಮೊಮ್ಮಗಳು ಅಜ್ಜನ ಮುಂದೆ ನಿಂತಳು.

"ಹೆತ್ತಪ್ಪಾ, ಇನ್ನೊಂಚೂರು ಹಾಕ್ಲಾ?"

ಅವರು ತಲೆ ಎತ್ತಲಿಲ್ಲ, ತಟ್ಟೆಯನ್ನು ಮುಂದೆ ಸರಿಸಿದರು. ಅವಳು ಸಾರು ಹಾಕಿ, ತನ್ನ ತಟ್ಟೆ ತಂದು ಅವರ ಪಕ್ಕದಲ್ಲೇ ಉಣ್ಣಲು ಕುಳಿತಳು.