ಸಾಮಿಲ್ ಹಿತ್ತಲಿನ ಜಾಮ್

ಸೆಪ್ಟೆಂಬರ್ ಬಂತೆಂದರೆ ನಮ್ಮ ಮನೆಯೊಡತಿ ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಕೆಂಪಾಗುತ್ತಿತ್ತು. ಲಿಂಗೊನ್ ಎಂಬ ಹುಳಿ ಕಾಡುಹಣ್ಣು ಬಿಡಿಸಿ ಜಾಮ್ ಕುದಿಸುವುದು ಆಕೆಗೆ ವ್ರತವಿದ್ದ ಹಾಗೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ನನ್ನ ಗಂಡ ಉತ್ತರದ ಹಿಮದೇಶವೊಂದರ ಲುಲೆಯೊ ನಗರದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಪಕ್ಕದ ಸಣ್ಣ ಊರಿನಲ್ಲಿ ಅಜ್ಜಿಯ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು.

ಮೊದಲ ಬಾಟಲಿ ಪ್ರತಿವರ್ಷ ಮುಚ್ಚಿಹೋದ ಸಾಮಿಲ್ಲಿನ ಹಳೆಯ ಮ್ಯಾನೇಜರನಿಗೆ. ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ‘ಸಾಮಿಲ್ ಹಿತ್ತಲಿನದು’ ಎಂದು ಬರೆಯುತ್ತಿದ್ದಳು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಆತ ಬಾಟಲಿಯನ್ನು ಸತ್ತ ಇಲಿಯ ಬಾಲದಂತೆ ಎರಡೇ ಬೆರಳಲ್ಲಿ ಹಿಡಿದುಕೊಂಡು ಒಳಗೆ ಹೋದ.

“ಅಷ್ಟೊಂದು ಸ್ನೇಹವಾ ಅಜ್ಜಿ?” ಎಂದೆ.

“ಸ್ನೇಹ ಎಲ್ಲಿಂದ ಬಂತು? ಅವನು ಮರೆಯಬಾರದು, ಅಷ್ಟೆ.”

ಆಮೇಲೆ ಹೇಳಿದಳು. ಹಲಗೆ ಕೊಳೆಯದಿರಲೆಂದು ಸಾಮಿಲ್ಲಿನಲ್ಲಿ ವಿಷದ ತೊಟ್ಟಿಗೆ ಅದ್ದುತ್ತಿದ್ದರಂತೆ. ಆಕೆಯ ಗಂಡ ಬರಿಗೈಯಲ್ಲೇ ಅದ್ದಿದವನು. ಕೈಯ ಚರ್ಮ ಸುಲಿಯಿತು, ಕೊನೆಗೆ ಲಿವರ್ ಕೆಟ್ಟು ಸತ್ತ. ಉಳಿದ ವಿಷವನ್ನು ಪೀಪಾಯಿಗಳಲ್ಲಿ ತುಂಬಿ ಹಿತ್ತಲಲ್ಲಿ ಹೂಳಿಸಿದವನು ಈ ಮ್ಯಾನೇಜರ್. ಅಜ್ಜಿ ಕೊಮ್ಯೂನಿಗೆ, ಅಂದರೆ ಅಲ್ಲಿನ ಪುರಸಭೆಗೆ, ಅಲೆದಾಡಿದರೂ ಪುರಾವೆಯ ಕಾಗದ ಎಲ್ಲಿದೆ ಎಂದು ಕೇಳಿ ವಾಪಸ್ ಕಳಿಸಿದರು.

ಅದೇ ಹಿತ್ತಲಲ್ಲಿ ಡಾಗಿಸ್ ಕಟ್ಟುತ್ತಾರೆಂದು ಸುದ್ದಿ ಬಂತು. ಡಾಗಿಸ್ ಎಂದರೆ ಶಿಶುವಿಹಾರ. ನನ್ನ ಮೂರು ವರ್ಷದ ಮಗಳ ಹೆಸರು ಆಗಲೇ ಪಟ್ಟಿಯಲ್ಲಿತ್ತು. ಮಣ್ಣು ಸಿಕ್ಕಿದರೆ ಬಾಯಿಗೆ ಹಾಕಿಕೊಳ್ಳುವ ಹುಡುಗಿ. ನನಗೆ ಅನ್ನ ಸೇರಲಿಲ್ಲ.

“ಅಜ್ಜಿ ಸುಮ್ನೆ ಬಿಡೋರಲ್ಲ ಕಣೆ, ನೋಡ್ತಿರು,” ಎಂದರು ನನ್ನ ಗಂಡ.

ಶಾಲೆಯ ಹಾಲ್‌ನಲ್ಲಿ ಊರವರ ಸಭೆ. ಮ್ಯಾನೇಜರ್ ಎದ್ದುನಿಂತು, ಅಲ್ಲಿನ ಮಣ್ಣು ಅಪ್ಪಟ ಶುದ್ಧ ಎಂದ. ಅಜ್ಜಿ ಚೀಲದಿಂದ ಬಾಟಲಿ, ಚಮಚ ತೆಗೆದು ಅವನೆದುರು ಇಟ್ಟಳು.

“ಏಳು ವರ್ಷ ಕೊಟ್ಟಿದ್ದೇನೆ. ಹೇಗಿತ್ತು?”

“ಚೆನ್ನಾಗಿತ್ತು.”

“ಹಾಗಾದರೆ ಇಲ್ಲೇ ಒಂದು ಚಮಚ ತಿನ್ನು.”

ಆತ ಬಾಟಲಿ ಹಿಂದಕ್ಕೆ ತಳ್ಳಿದ. ಆಕೆ ಮತ್ತೆ ಮುಂದಿಟ್ಟಳು. ಮೂರನೆಯ ಸಲಕ್ಕೆ ಅವನ ಮುಖ ಕೆಂಪೇರಿತು. “ಆ ಜಾಗದ್ದು ತಿನ್ನಲು ನನಗೇನು ಹುಚ್ಚಾ?” ಎಂದುಬಿಟ್ಟ.

ಅಜ್ಜಿ ಮುಚ್ಚಳ ತೆಗೆದು ತಾನೇ ದೊಡ್ಡ ಚಮಚ ಬಾಯಿಗಿಟ್ಟುಕೊಂಡು ನಿಧಾನಕ್ಕೆ ಚಪ್ಪರಿಸಿದಳು. “ನನ್ನ ತಂಗಿಯ ಊರಿನ ಹಣ್ಣು. ನಿನ್ನ ಹಿತ್ತಲಲ್ಲಿ ನಾನು ಒಂದು ದಿನವೂ ಕಿತ್ತಿಲ್ಲ.”

ಕೊಮ್ಯೂನಿನವರು ಹಿತ್ತಲು ಅಗೆದರು. ಪೀಪಾಯಿಗಳು ತುಕ್ಕು ಹಿಡಿದು ಸೋರುತ್ತಿದ್ದವು. ಡಾಗಿಸ್ ಬೇರೆ ಕಡೆ ಎದ್ದಿತು. ನನಗಾದ ಸಂತೋಷದಲ್ಲಿ ಮಗಳು ಉಳಿದದ್ದು ಅರ್ಧ, ಅವನ ಮಾನ ಮಣ್ಣಾದದ್ದು ಇನ್ನರ್ಧ. ಸುಳ್ಳೇಕೆ ಹೇಳಲಿ.

ಆಮೇಲೆ ಒಂದು ದಿನ ಆತ ಹೂ ಹಿಡಿದು ಬಂದ. ಅಂಚೆಯವನಿಗೂ ಕಾಫಿ ಕೊಡುವ ಅಜ್ಜಿ ಬಾಗಿಲನ್ನೇ ಮುಚ್ಚಿದಳು. ಕ್ಷಮಿಸಬಹುದಿತ್ತಲ್ಲ ಎಂದು ಬಾಯಿಮಾತಿಗೆ ಕೇಳಿದೆ.

“ಕ್ಷಮಿಸಬೇಕಾದವನು ಸ್ಮಶಾನದಲ್ಲಿದ್ದಾನೆ. ಅಲ್ಲಿ ಹೋಗಿ ಕೇಳಲಿ.”

ಎರಡು ಚಳಿಗಾಲ ಕಳೆದು ಅಜ್ಜಿ ತೀರಿಕೊಂಡಳು. ನಾವು ಆ ಊರಲ್ಲೇ ಉಳಿದೆವು. ಈಗ ಹಣ್ಣು ಬಿಡಿಸುವವಳು ನಾನು, ಚೀಟಿ ಅಂಟಿಸುವವಳು ನನ್ನ ಮಗಳು. ಅವೇ ಅಕ್ಷರ, ಮ್ಯಾನೇಜರನ ಅದೇ ಬಾಗಿಲು. ಹಣ್ಣು ಎಲ್ಲಿಯದೆಂದು ಆತನಿಗೆ ಚೆನ್ನಾಗಿ ಗೊತ್ತು. ಆದರೂ ಎರಡೇ ಬೆರಳಲ್ಲಿ ಹಿಡಿದುಕೊಳ್ಳುತ್ತಾನೆ.