ಹೆಣ್ಣು ನೋಡುವ ಶಾಸ್ತ್ರ, ಮನಸ್ಸು ನೋಡುವ ಶಾಸ್ತ್ರ

ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿ ಆಗಿದೆಯೇ ಎಂದು ತಿಳಿಯಲು ಯಾರೂ ಕಾಯಿಯನ್ನು ಒಡೆದು ನೋಡುವುದಿಲ್ಲ. ಅಟ್ಟದಲ್ಲಿ ತಿಂಗಳುಗಟ್ಟಲೆ ಕೂತ ಕಾಯಿಯೊಂದನ್ನು ಕೆಳಗಿಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರು ಕುಲುಕಿದರೆ ಅದು ಮತ್ತೆ ಅಟ್ಟಕ್ಕೆ, ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡ ಕೊಬ್ಬರಿ ಗಿಟುಕು ಲೊಟಲೊಟ ಎಂದರೆ ಸುಲಿಯುವವರ ಕೈಗೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದ ನನಗೆ ಮನುಷ್ಯರನ್ನೂ ಹೀಗೆಯೇ ಒಡೆಯದೆ ಅಲ್ಲಾಡಿಸಿ ಒಳಗನ್ನು ತಿಳಿಯಬಹುದೆಂಬ ಗಾಢ ನಂಬಿಕೆ ಹುಟ್ಟಿಬಿಟ್ಟಿತ್ತು. ಅವಲೋಕನ, ಪ್ರಶ್ನಾವಳಿ, ಪ್ರಯೋಗ ಎಂದು ಅಲ್ಲಾಡಿಸುವ ವಿಧಾನಗಳ ಹೆಸರುಗಳೆಲ್ಲ ಬಾಯಿಪಾಠವಾಗಿದ್ದವು. ಅಲ್ಲಾಡಿಸಲು ಮನುಷ್ಯರು ಬೇಕಾಗಿದ್ದರು, ಆದ್ದರಿಂದ ಬೇಸಿಗೆ ರಜೆಗೆ ನೊಣವಿನಕೆರೆ ಹತ್ತಿರದ ನಮ್ಮೂರಿಗೆ ಬಂದೆ.

ತೊಂದರೆ ಶುರುವಾದದ್ದು ನನ್ನ ವಿದ್ಯೆಯ ಹೆಸರಿನಿಂದಲೇ. ನೀವೇ ಯೋಚಿಸಿ, ಶಾಸ್ತ್ರ ಎಂಬ ಮಾತಿಗೆ ನಮ್ಮಲ್ಲಿ ಎಷ್ಟು ಅವತಾರಗಳು! ಗಿಣಿ ಪಂಜರದಿಂದ ಹೊರಬಂದು ಚೀಟಿ ಎತ್ತಿಕೊಟ್ಟರೆ ಅದು ಶಾಸ್ತ್ರ. ಮದುವೆಮನೆಯಲ್ಲಿ ಅರಿಶಿನ ಹಚ್ಚಿದರೆ ಅದೂ ಶಾಸ್ತ್ರ. ಹೊಟ್ಟೆ ತುಂಬಿದವನು ಒಂದು ತುತ್ತು ಬಾಯಿಗಿಟ್ಟುಕೊಂಡರೆ ಅದು ಶಾಸ್ತ್ರಕ್ಕೆ ತಿಂದದ್ದು. ನನ್ನ ಶಾಸ್ತ್ರ ಇವುಗಳಲ್ಲಿ ಯಾವುದಕ್ಕೂ ಸೇರದಿದ್ದರೂ ಊರಿನವರು ಹೆಚ್ಚು ತಲೆ ಕೆಡಿಸಿಕೊಳ್ಳದೆ ಅದನ್ನು ಗಿಣಿಯ ಪಕ್ಕಕ್ಕೆ ಕೂರಿಸಿದರು. ಪಕ್ಕದ ಮನೆಯ ಗೌರಜ್ಜಿ ನನ್ನನ್ನು ಕಂಡಕೂಡಲೇ ಅಂಗೈ ಚಾಚಿದಳು.

"ಮೈಸೂರ್ ತಂಕ ಹೋಗಿ ಶಾಸ್ತ್ರ ಕಲ್ತಿದೀಯಂತೆ ಕಣಪ್ಪ. ನನ್ ಮಂಡಿನೋವು ಯಾವಾಗ ಹೋಯ್ತದೆ, ನೋಡಿ ಯೋಳು."

"ಇದು ಕೈ ನೋಡೋ ಶಾಸ್ತ್ರ ಅಲ್ಲಜ್ಜಿ, ಮನಸ್ಸು ನೋಡೋದು."

"ಒಳಗಿರೋ ಮನಸು ಕಾಣ್ತದೆ, ಈಚೆ ಇರೋ ಮಂಡಿ ಕಾಣಾಕಿಲ್ವಾ?"

ಮುಖ ಗಂಭೀರ ಮಾಡಿಕೊಂಡು ಪ್ರಶ್ನಾವಳಿ ತೆಗೆದೆ. "ನಿಮಗೆ ಕಾರಣವಿಲ್ಲದೆ ದುಃಖವಾಗುತ್ತದೆಯೇ? ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ" ಎಂದು ಓದಿದೆ. ಅಜ್ಜಿ ನನ್ನ ಬೆವರಿದ ಮುಖವನ್ನೇ ಕರುಣೆಯಿಂದ ನೋಡಿ, "ನಿಂಗೆ ಯಾವ್ದು ಬೇಕಪ್ಪ? ಅದ್ನೇ ಬರ್ಕೊ. ಪಾಪ, ಬಿಸ್ಲಲ್ಲಿ ಬಂದಿದೀಯ" ಎಂದಳು. ಮನೆಮನೆಯಲ್ಲೂ ಇದೇ ಆಯಿತು. ಬಾಯಾರಿ ಬಂದವನಿಗೆ ಮಜ್ಜಿಗೆ ಕೊಡುವ ಹಾಗೆ ಉತ್ತರ ಕೇಳಿಕೊಂಡು ಬಂದವನಿಗೆ ಅವನಿಗೆ ಬೇಕಾದ ಉತ್ತರವನ್ನು ಕೊಟ್ಟು ಕಳಿಸುವುದು ನಮ್ಮವರ ಮರ್ಯಾದೆ. ನಮ್ಮ ಪಠ್ಯದಲ್ಲಿ ಇದಕ್ಕೆ ದೋಷ ಎಂದು ಹೆಸರು. ಎದುರಿನವರನ್ನು ಸಂತೋಷಪಡಿಸಲು ಕೊಟ್ಟ ಉತ್ತರವನ್ನು ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ಎಸೆಯಬೇಕು. ಎಸೆಯಲು ಹೊರಟರೆ ನನ್ನ ಮೊರದಲ್ಲಿ ಒಂದು ಕಾಳೂ ಉಳಿಯುತ್ತಿರಲಿಲ್ಲ. ಈ ಊರು ವಿಜ್ಞಾನಕ್ಕೆ ಲಾಯಕ್ಕಿಲ್ಲವೆಂದು ತೀರ್ಮಾನಿಸಿ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಗ ಅಪ್ಪ ಬಂದು, ಅಮ್ಮಸಂದ್ರದಲ್ಲೊಂದು ಹೆಣ್ಣಿದೆ, ನೋಡಿಕೊಂಡು ಬರೋಣ ಎಂದರು.

ಹೆಣ್ಣು ನೋಡುವ ಶಾಸ್ತ್ರ! ಇದಕ್ಕಿಂತ ಅವೈಜ್ಞಾನಿಕವಾದ ಅವಲೋಕನ ಭೂಮಿಯ ಮೇಲೆ ಇರಲಾರದೆಂದು ನಾನು ಅಪ್ಪನಿಗೆ ವಿವರಿಸಿದೆ. ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಮನುಷ್ಯ ತಾನಾಗಿ ಉಳಿಯುವುದಿಲ್ಲ. ಆ ಮನೆಯಲ್ಲಿ ಅಂದು ಹುಡುಗಿಯ ನಡಿಗೆಯೂ ತಗ್ಗಿದ ತಲೆಯೂ ಉಪ್ಪಿಟ್ಟಿನ ಮೇಲಿನ ಗೋಡಂಬಿಯೂ ನಮಗಾಗಿಯೇ ತಯಾರಾಗಿರುತ್ತವೆ. ಇಷ್ಟರಿಂದ ಒಂದು ಜನ್ಮದ ಸ್ವಭಾವವನ್ನು ಅಳೆಯುವುದು ಹೇಗೆ? ಅಪ್ಪ ಪೂರ್ತಿ ಕೇಳಿಸಿಕೊಂಡು, "ಬಸ್ಸಿಗೆ ಹೊತ್ತಾಯ್ತದೆ, ಬಟ್ಟೆ ಹಾಕ್ಕೊ" ಎಂದರು. ಹಾಕಿಕೊಂಡೆ. ಆದರೆ ಒಂದು ಪ್ರಯೋಗವನ್ನೂ ಜೊತೆಗೇ ಹೊತ್ತುಕೊಂಡು ಹೋದೆ. ಎಲ್ಲರ ಎದುರು ಕಾಫಿ ಲೋಟವನ್ನು ಆಕಸ್ಮಿಕವೆಂಬಂತೆ ಬೀಳಿಸುವುದು. ಆ ಕ್ಷಣದಲ್ಲಿ ತಯಾರಿ ಮಾಡಿಕೊಳ್ಳಲು ಅವಕಾಶವಿಲ್ಲದ ಹುಡುಗಿ ನಗುತ್ತಾಳೋ, ಸಿಡುಕುತ್ತಾಳೋ, ಒರೆಸಲು ಓಡಿಬರುತ್ತಾಳೋ, ಅದೇ ಅವಳ ನಿಜ ಸ್ವಭಾವ. ಇಂಥ ಉಪಾಯ ಹೊಳೆದ ತಲೆಯ ಬಗ್ಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೇ ಗೌರವ ಉಕ್ಕುತ್ತಿತ್ತು.

ಹುಡುಗಿಯ ಹೆಸರು ಗಿರಿಜೆ. ಅವಳ ತಂದೆ ಅಲ್ಲಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು, ಮಾತಿಗೊಮ್ಮೆ ಹೆಗಲ ಟವೆಲ್ ಸರಿಮಾಡಿಕೊಳ್ಳುವ ಸಾಧು ಮನುಷ್ಯರು. ಗಿರಿಜೆ ತಲೆ ತಗ್ಗಿಸಿ ಬಂದು ಕಾಫಿ ಕೊಟ್ಟು, ತಾಯಿಯ ಪಕ್ಕ ಚಾಪೆಯ ಮೇಲೆ ಕೂತಳು. ನಾನು ಮನಸ್ಸಿನಲ್ಲೇ ವಿಜ್ಞಾನವನ್ನು ನೆನೆದು ಲೋಟ ಬಿಟ್ಟೆ. ಅದು ನೆಲಕ್ಕೆ ಬೀಳಬೇಕಾಗಿತ್ತು, ಬಿದ್ದದ್ದು ಮಾತ್ರ ಮೈಸೂರಿನಲ್ಲಿ ಹೊಸದಾಗಿ ಹೊಲಿಸಿದ್ದ ನನ್ನ ಹಾಲುಬಣ್ಣದ ಬೆಲ್‌ಬಾಟಂ ಮೇಲೆ. ಕುದಿಯುವ ಕಾಫಿ. ನಾನು ಕೂಗಿದ ಕೂಗಿಗೆ ಹೊರಗೆ ಕಟ್ಟಿದ್ದ ಕರು ಹಗ್ಗ ಜಗ್ಗಿತು. ಅವಳ ತಂದೆ ಟವೆಲ್ ಹಿಡಿದು ಓಡಿಬಂದರು, ತಾಯಿ ಅಯ್ಯಯ್ಯೋ ಎಂದರು, ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು; ಮನೆಯವರೆಲ್ಲರ ನಿಜ ಸ್ವಭಾವ ಒಟ್ಟಿಗೇ ಬಯಲಾದರೂ ಯಾರಿಗಾಗಿ ಈ ಪ್ರಯೋಗ ಹೂಡಿದ್ದೆನೋ ಆ ಹುಡುಗಿ ಮಾತ್ರ ಅಲುಗಾಡದೆ, ಮೊದಲ ಬಾರಿಗೆ ತಲೆಯೆತ್ತಿ, ನನ್ನನ್ನೇ ನೋಡುತ್ತಿದ್ದಳು. ಹೀಗೂ ಆಗಬಹುದೆಂದು ನಾನು ಊಹಿಸಿಯೇ ಇರಲಿಲ್ಲ.

ತೊಡೆಗೆ ತಣ್ಣೀರು ಹಾಕಿಕೊಳ್ಳಲು ನನ್ನನ್ನು ಹಿತ್ತಲಿಗೆ ಅಟ್ಟಿದರು. ತಾಯಿ ಒಳಗೆ ನೆಲ ಒರೆಸುತ್ತಿದ್ದರು, ತಂದೆ ನನಗೊಂದು ಪಂಚೆ ಹುಡುಕುತ್ತಿದ್ದರು, ಹಾಗಾಗಿ ಚೆಂಬು ಹಿಡಿದು ಬಂದವಳು ಗಿರಿಜೆಯೇ.

"ಬೇಕೂಂತ್ಲೇ ಬೀಳಿಸ್ಕೊಂಡ್ರಿ, ಅಲ್ವಾ?" ಎಂದಳು.

ಸುಳ್ಳು ಹೇಳುವಷ್ಟು ಧೈರ್ಯ ಉಳಿದಿರಲಿಲ್ಲ. "ಪ್ರಯೋಗ" ಎಂದೆ.

"ಏನ್ ಗೊತ್ತಾಯ್ತು?"

"ಕಾಫಿ ಬಿಸಿ ಇತ್ತು."

ಅವಳು ನಕ್ಕಳು. ಆ ನಗುವನ್ನು ಅವಳು ಯಾರಿಗಾಗಿಯೂ ತಯಾರು ಮಾಡಿಕೊಂಡಿರಲಿಲ್ಲ. ನೋಡಿ, ಆಗ ನನಗೆ ಅವಳು ಇಷ್ಟವಾಗಿಬಿಟ್ಟಳು, ಶಾಸ್ತ್ರಕ್ಕಲ್ಲ, ನಿಜವಾಗಿ. ಆದರೆ ಅವಳ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದಳು:

"ಒಂದ್ ಉಪ್ಕಾರ ಮಾಡ್ತೀರಾ? ನಿಮ್ಗೆ ಹುಡ್ಗಿ ಒಪ್ಗೆ ಇಲ್ಲ ಅಂತ ಹೇಳ್ಬುಡಿ. ನಂಗೆ ತುಮಕೂರಲ್ಲಿ ಮೇಷ್ಟ್ರು ಟ್ರೈನಿಂಗ್ ಸೀಟು ಸಿಕ್ಕಿದೆ. ಮದ್ವೆ ಗೊತ್ತಾದ್ರೆ ಕಳಿಸಾಕಿಲ್ಲ. ನಾನ್ ಬ್ಯಾಡ ಅಂದ್ರೆ ಯಾರೂ ಕೇಳಲ್ಲ, ನೀವಂದ್ರೆ ಕೇಳ್ತಾರೆ."

"ಮದುವೆ ಆದ್ಮೇಲೂ ಓದಬಹುದಲ್ಲ?" ಎಂದೆ, ನನ್ನ ಸ್ವಾರ್ಥ ನನಗೇ ಕೇಳಿಸುವ ಹಾಗೆ.

"ನಮ್ಮಕ್ಕಂಗೂ ಹಂಗೇ ಅಂದಿದ್ರು ಕಣ್ರೀ" ಎಂದು ಚೆಂಬನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ನಾನು ಅವಳ ತಂದೆಯ ಪಂಚೆ ಉಟ್ಟು ಮತ್ತೆ ಕುರ್ಚಿಯಲ್ಲಿ ಕೂತೆ. ಅವಳು ಮತ್ತೆ ತಲೆ ತಗ್ಗಿಸಿದ್ದಳು; ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಅಪ್ಪ ಹೇಳುವಾಗ ಅವಳ ಬೆರಳುಗಳು ಚಾಪೆಯ ಅಂಚನ್ನು ಬಿಡಿಸುತ್ತಿದ್ದವು.

ಬಸ್ಸು ತುರುವೇಕೆರೆ ತಲುಪಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಹೆಂಗೆ, ಒಪ್ಗೇನಾ?" ಎಂದರು. ನಾನು ಇಲ್ಲ ಎಂದೆ. ಜೀವಮಾನದಲ್ಲಿ ನಾನು ಎದುರಿಸಿದ ಅತ್ಯಂತ ಸ್ಪಷ್ಟವಾದ ಪ್ರಶ್ನೆ ಅದು, ಅದಕ್ಕೆ ಕೊಟ್ಟ ಉತ್ತರ ಶುದ್ಧ ಸುಳ್ಳು. ಇನ್ನೊಬ್ಬರಿಗೆ ಬೇಕಾದದ್ದನ್ನೇ ಬರೆದುಕೊಟ್ಟಿದ್ದೆ. ನನ್ನಂಥವನೊಬ್ಬ ಎದುರು ಕೂತು ಆ ಉತ್ತರವನ್ನು ಬರೆದುಕೊಂಡಿದ್ದರೆ, ಹುಡುಗನಿಗೆ ಆಸಕ್ತಿಯಿಲ್ಲ ಎಂದು ತೀರ್ಮಾನಿಸಿ ಹಾಯಾಗಿ ಮನೆಗೆ ಹೋಗುತ್ತಿದ್ದ.

ಅವ್ವ ಊಟಕ್ಕೆ ಬಡಿಸುತ್ತಾ, ಬಡಿಸುವುದನ್ನು ನಿಲ್ಲಿಸಿ ಕೇಳಿದಳು. "ಅಂಥಾದ್ದೇನ್ ಕೊರತೆ ಕಂಡ್ಯಪ್ಪ ಆ ಹುಡ್ಗೀಲಿ?"

"ಏನೂ ಇಲ್ಲ ಕಣವ್ವ. ತುಂಬಾ ಚೆನ್ನಾಗಿದ್ಲು."

"ಮತ್ಯಾಕ್ಲಾ ಬ್ಯಾಡ ಅಂದೆ?"

ನಾನು ತಲೆ ಬಗ್ಗಿಸಿ ಮುದ್ದೆ ಮುರಿದೆ. ಕಣ್ಣು ತುಂಬಿಕೊಂಡಿದ್ದು ಅವ್ವನಿಗೆ ಕಂಡೇಬಿಟ್ಟಿತು. ಸಾರು ಖಾರ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಖಾರವನ್ನೇ ನಂಬಿದವಳಂತೆ ಒಳಗೆ ಹೋಗಿ ತುಪ್ಪ ತಂದು ಬಡಿಸಿದಳು.